ಸದ್ದು ಹೋಗುವುದೆಲ್ಲಿಗೆ?

ಸೈಲೆನ್ಸರ್ ಎಂದೊಡನೆ ಎಲ್ಲರ ಕಣ್ಣ ಮುಂದೆ ಬರುವುದು ಮೋಟಾರ್ ಸೈಕಲ್ಲಿನ ಪಕ್ಕದಲ್ಲಿ ಹಿಂದಕ್ಕೆ ಚಾಚಿಕೊಂಡಿರುವ ಕೊಳವೆ. ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳ ಕಾಲಿಗೆ ಒಮ್ಮೆಯಾದರೂ ಬರೆ ಹಾಕಿರುವ ವಸ್ತು ಅದು. ಸೈಲೆನ್ಸರಿಗೆ ಇನ್ನೊಂದು ರೂಪವಿದೆ. ಅದು ಸಿನಿಮಾದಲ್ಲಿ ಸಿಗುತ್ತದೆ. ಖಳನಾಯಕ ಕೋಟಿನ ಜೇಬಿನಿಂದ ಒಂದು ಗಿಡ್ಡ ಕೊಳವೆಯನ್ನು ತೆಗೆದು ಪಿಸ್ತೂಲಿನ ಬಾಯಿಗೆ ನಿಧಾನವಾಗಿ ತಿರುಗಿಸಿ ಕೂಡಿಸುತ್ತಾನೆ. ಕುದುರೆ ಒತ್ತಿದರೆ ‘ಪುಸ್’ ಎಂಬ ಸಣ್ಣ ಸದ್ದು. ಪಕ್ಕದ ಕೋಣೆಯಲ್ಲಿ ಮಲಗಿದವರಿಗೆ ನಿದ್ದೆಯೂ ಕೆಡುವುದಿಲ್ಲ.

ಮೊದಲನೆಯ ಸೈಲೆನ್ಸರು ತೋರುವುದು ನಿಜ, ಎರಡನೆಯದು ತೋರುವುದು ಬಹುಮಟ್ಟಿಗೆ ಸುಳ್ಳು. ಆದರೆ ಎರಡೂ ಒಂದೇ ವಂಶದವು. ಎರಡರೊಳಗೂ ನಡೆಯುವುದು ಒಂದೇ ಭೌತಶಾಸ್ತ್ರ. ಬಂದೂಕಿನ ಸೈಲೆನ್ಸರನ್ನು ಬಳಸುವವನು ಅದನ್ನು ಯಾಕೆ ಆಗಾಗ ಬಿಚ್ಚಿ, ಒಣಗಿಸಿ, ತೊಳೆಯಬೇಕಾಗುತ್ತದೆ ಎಂಬುದಕ್ಕೂ ಉತ್ತರ ಅದೇ ಭೌತಶಾಸ್ತ್ರದಲ್ಲಿದೆ.

ಕತೆ ಶುರುವಾಗುವುದು ಒಬ್ಬ ಕಿವುಡ ತಂದೆಯಿಂದ. ಹಿರಂ ಸ್ಟೀವನ್ಸ್ ಮ್ಯಾಕ್ಸಿಂ 1840ರಲ್ಲಿ ಅಮೆರಿಕದ ಮೇನ್ ಪ್ರಾಂತದಲ್ಲಿ ಹುಟ್ಟಿದವನು. 1881ರಲ್ಲಿ ಯುರೋಪಿಗೆ ಹೋದವನು ಲಂಡನ್ನಿನಲ್ಲಿ ನೆಲೆನಿಂತು 1884ರ ಹೊತ್ತಿಗೆ ತಾನೇ ತಾನಾಗಿ ಗುಂಡು ತುಂಬಿಕೊಂಡು ಹಾರಿಸುವ ಬಂದೂಕನ್ನು ಸಿದ್ಧಪಡಿಸಿದ. ಅದೇ ಹೆಸರಾಂತ ಮ್ಯಾಕ್ಸಿಂ ಮೆಷಿನ್ ಗನ್. 1901ರಲ್ಲಿ ಆತನಿಗೆ ‘ಸರ್’ ಪದವಿಯೂ ಬಂತು. ಆದರೆ ವರ್ಷಗಟ್ಟಲೆ ತನ್ನದೇ ಬಂದೂಕಿನ ಪಕ್ಕ ನಿಂತು ಪರೀಕ್ಷೆ ನಡೆಸಿದ್ದರ ಫಲ ಇನ್ನೊಂದು ಬಗೆಯಲ್ಲಿಯೂ ದೊರೆಯಿತು: ಕೊನೆಗಾಲದಲ್ಲಿ ಆತನಿಗೆ ಹೆಚ್ಚೂಕಡಿಮೆ ಏನೂ ಕೇಳಿಸುತ್ತಿರಲಿಲ್ಲ.

ತಂದೆ ಸಮುದ್ರ ದಾಟಿ ಹೋದಾಗ ಅಮೆರಿಕದಲ್ಲಿಯೇ ಉಳಿದ ಮಗನಿಗೆ ಹನ್ನೆರಡರ ಪ್ರಾಯ. ಹಿರಂ ಪರ್ಸಿ ಮ್ಯಾಕ್ಸಿಂ ಎಂಬ ಈ ಹುಡುಗ 1886ರಲ್ಲಿ, ಇನ್ನೂ ಹದಿನೇಳು ತುಂಬುವ ಮೊದಲೇ, ಮೆಸಾಚುಸೆಟ್ಸಿನ ಹೆಸರಾಂತ ತಾಂತ್ರಿಕ ವಿದ್ಯಾಸಂಸ್ಥೆ ಎಂ.ಐ.ಟಿ.ಯಿಂದ ಪದವಿ ಪಡೆದ. ಮುಂದೆ ಪೆಟ್ರೋಲ್ ಎಂಜಿನ್ನಿನ ಮೂರು ಚಕ್ರದ ಗಾಡಿ ಮಾಡಿದ, ಹಾರ್ಟ್‌ಫರ್ಡ್ ನಗರದಲ್ಲಿ ಮೋಟಾರು ವಾಹನಗಳ ಕಾರ್ಖಾನೆಯಲ್ಲಿ ದುಡಿದ. ಸ್ನಾನದ ತೊಟ್ಟಿಯ ನೀರು ತೂತಿನ ಮೂಲಕ ಸುಳಿಸುಳಿಯಾಗಿ, ಸದ್ದಿಲ್ಲದೆ ಇಳಿದುಹೋಗುವುದನ್ನು ನೋಡಿ ಆತನಿಗೆ ಹೊಸದೊಂದು ಯೋಚನೆ ಹೊಳೆಯಿತೆಂದು ಹೇಳುತ್ತಾರೆ. ಬಂದೂಕಿನ ಬಾಯಿಂದ ನುಗ್ಗುವ ಅನಿಲವನ್ನೂ ಹೀಗೇ ಸುತ್ತು ಹಾಕಿಸಿ, ತಡೆದು ತಡೆದು ಹೊರಗೆ ಬಿಟ್ಟರೆ? 1909ರ ಮಾರ್ಚ್ 30ರಂದು ಆತನಿಗೆ ಈ ಉಪಕರಣದ ಪೇಟೆಂಟು ದೊರೆಯಿತು. ‘ಸೈಲೆನ್ಸರ್’ ಎಂಬ ಹೆಸರನ್ನು ಮಾರುಕಟ್ಟೆಯಲ್ಲಿ ಜನಪ್ರಿಯಗೊಳಿಸಿದವನೂ ಈತನೇ. ತಂದೆ ಪ್ರಪಂಚಕ್ಕೆ ಅತ್ಯಂತ ಗದ್ದಲದ ಬಂದೂಕು ಕೊಟ್ಟ, ಮಗ ಬಂದೂಕಿನ ಗದ್ದಲ ತಗ್ಗಿಸುವ ಸಾಧನ ಕೊಟ್ಟ.

ಮೋಟಾರು ಗಾಡಿಯ ಸೈಲೆನ್ಸರನ್ನೂ ಇವನೇ ಕಂಡುಹಿಡಿದನೆಂದು ಕೆಲವು ಪುಸ್ತಕಗಳಲ್ಲಿ ಬರೆದಿರುತ್ತಾರೆ. ಅದು ಪೂರ್ತಿ ಸರಿಯಲ್ಲ. 1897ರಲ್ಲಿಯೇ ಅಮೆರಿಕದ ರೀವ್ಸ್ ಸೋದರರು ಎಂಜಿನ್ನಿನ ಹೊಗೆಗೊಳವೆಗೆ ಅಂಥ ಸಾಧನವೊಂದರ ಪೇಟೆಂಟು ಪಡೆದಿದ್ದರು. ಆದರೆ ಮ್ಯಾಕ್ಸಿಮನ ಕಂಪನಿ ಮುಂದೆ ಬಂದೂಕಿನದನ್ನು ಕೈಬಿಟ್ಟು ಎಂಜಿನ್ನು, ಕಾರ್ಖಾನೆಯ ಯಂತ್ರಗಳ ಸದ್ದಡಗಿಸುವ ಕೆಲಸಕ್ಕೆ ಹೊರಳಿತೆಂಬುದು ನಿಜ. ಆತನ ಆಸಕ್ತಿಗಳೇ ಹಾಗೆ, ಒಂದೆಡೆ ನಿಲ್ಲುತ್ತಿರಲಿಲ್ಲ. 1914ರಲ್ಲಿ ಅಮೆರಿಕದ ಹವ್ಯಾಸಿ ರೇಡಿಯೋ ಸಂಘವನ್ನು ಕಟ್ಟಿದವರಲ್ಲೂ ಆತನೊಬ್ಬ. ಇಂದಿಗೂ ಹ್ಯಾಮ್ ರೇಡಿಯೋದ ಹವ್ಯಾಸಿಗಳು ಡಬ್ಲ್ಯು-1-ಎ-ಡಬ್ಲ್ಯು ಎಂಬ ಕರೆಸಂಕೇತವನ್ನು ಕೇಳುತ್ತಿರುತ್ತಾರೆ. ಅದು ಆತನ ನೆನಪಿಗಾಗಿ ಉಳಿಸಿಕೊಂಡದ್ದು.

ಇನ್ನು ವಿಜ್ಞಾನಕ್ಕೆ ಬರೋಣ. ಇದಕ್ಕೆ ಬಂದೂಕು ಬೇಡ, ಎರಡು ಬಲೂನು ಸಾಕು. ಎರಡನ್ನೂ ಒಂದೇ ಗಾತ್ರಕ್ಕೆ ಊದಿ. ಒಂದಕ್ಕೆ ಸೂಜಿ ಚುಚ್ಚಿ. ‘ಢಂ’ ಎಂದು ಒಡೆಯುತ್ತದೆ. ಇನ್ನೊಂದರ ಬಾಯನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಸಡಿಲಿಸಿ. ‘ಸುಯ್’ ಎನ್ನುತ್ತ ಸೊರಗುತ್ತದೆ. ಎರಡರಲ್ಲೂ ಇದ್ದದ್ದು ಅಷ್ಟೇ ಗಾಳಿ, ಅಷ್ಟೇ ಒತ್ತಡ. ವ್ಯತ್ಯಾಸವೆಲ್ಲ ಗಾಳಿ ಹೊರಬರಲು ತೆಗೆದುಕೊಂಡ ಸಮಯದಲ್ಲಿ. ಥಟ್ಟನೆ ಬಿಡುಗಡೆಯಾದ ಒತ್ತಡ ಸುತ್ತಣ ಗಾಳಿಯನ್ನು ಒಮ್ಮೆಲೇ ದಬ್ಬುತ್ತದೆ. ಆ ದಬ್ಬುವಿಕೆಯೇ ಕಿವಿಗೆ ಸಿಡಿತವಾಗಿ ಕೇಳಿಸುತ್ತದೆ.

ರೈಫಲ್ಲಿನಲ್ಲಿ ನಡೆಯುವುದೂ ಬಲೂನು ಒಡೆಯುವ ಕೆಲಸವೇ. ತೋಟಾದೊಳಗಿನ ಮದ್ದು ಉರಿದು ಅನಿಲವಾಗುತ್ತದೆ. ಅಡುಗೆಮನೆಯ ಪ್ರೆಷರ್ ಕುಕ್ಕರಿನ ಒಳಗೆ ಒತ್ತಡ ಹೊರಗಿನದರ ಸುಮಾರು ಎರಡು ಪಟ್ಟು ಇರುತ್ತದೆ. ದೊಡ್ಡ ರೈಫಲ್ಲಿನ ನಳಿಗೆಯ ಬುಡದಲ್ಲಿ ಅದು ಸುಮಾರು ನಾಲ್ಕು ಸಾವಿರ ಪಟ್ಟು! ಗುಂಡು ನಳಿಗೆಯ ಬಾಯಿ ದಾಟುವ ಹೊತ್ತಿಗೆ ಅನಿಲ ಹಿಗ್ಗಿ ಒತ್ತಡ ಇಳಿದಿರುತ್ತದಾದರೂ ಇನ್ನೂ ನೂರಾರು ಪಟ್ಟು ಉಳಿದಿರುತ್ತದೆ. ಗುಂಡು ಬಿರಡೆಯಂತೆ ಕಳಚಿಕೊಂಡ ಕ್ಷಣವೇ ಈ ಅನಿಲವೆಲ್ಲ ಬಯಲಿಗೆ ನುಗ್ಗುತ್ತದೆ. ಬಂದೂಕಿನ ಸದ್ದಿನಲ್ಲಿ ದೊಡ್ಡ ಪಾಲು ಇದೇ.

ಸೈಲೆನ್ಸರ್ ಎಂದರೆ ನಳಿಗೆಯ ಬಾಯಿಗೆ ಕೂಡಿಸಿದ, ಒಳಗೆ ಹಲವು ಕೋಣೆಗಳಿರುವ ಕೊಳವೆ. ಕೋಣೆಗಳ ನಡುವೆ ಅಡ್ಡತಟ್ಟೆಗಳು. ನಡುವಿನಲ್ಲಿ ಗುಂಡು ತೂರಿಹೋಗಲು ಬೇಕಾದಷ್ಟೇ ದಾರಿ. ಗುಂಡು ನೇರವಾಗಿ ಹೋಗುತ್ತದೆ. ಹಿಂದೆ ಬರುವ ಅನಿಲ ಮಾತ್ರ ಒಂದೊಂದು ಕೋಣೆಗೂ ಹೊಕ್ಕು, ಹಿಗ್ಗಿ, ಸುಳಿದು, ಗೋಡೆಗೆ ತನ್ನ ಶಾಖವನ್ನು ಕೊಟ್ಟು, ತಣಿದು ಕೊನೆಗೆ ಹೊರಬೀಳುತ್ತದೆ. ಒಂದೇ ಏಟಿಗೆ ಆಗಬೇಕಿದ್ದ ಬಿಡುಗಡೆ ಹಲವು ಪಟ್ಟು ಹೆಚ್ಚು ಸಮಯಕ್ಕೆ ಹಂಚಿಹೋಗುತ್ತದೆ. ಸೂಜಿ ಚುಚ್ಚಿದ ಬಲೂನು ಬೆರಳಲ್ಲಿ ಹಿಡಿದ ಬಲೂನಿನ ಕಡೆಗೆ ಸ್ವಲ್ಪ ಸರಿದಂತೆ.

‘ಸ್ವಲ್ಪ’ ಎಂಬ ಮಾತನ್ನು ಗಮನಿಸಬೇಕು. ಒಂದು ದೊಡ್ಡ ರೈಫಲ್ಲಿನ ಸದ್ದು, ಹಾರಿಸುವವನ ಕಿವಿಯ ಬಳಿ, 160 ಡೆಸಿಬೆಲ್ಲಿಗೂ ಮೀರಿರುತ್ತದೆ. ಒಳ್ಳೆಯ ಸೈಲೆನ್ಸರು ಇದರಿಂದ 20ರಿಂದ 35 ಡೆಸಿಬೆಲ್ ಕಳೆಯುತ್ತದೆ. ಅಂದರೆ ಉಳಿದದ್ದು 130-140ರ ಆಸುಪಾಸು. ಖಳನಾಯಕನ ‘ಪುಸ್’ ಅಲ್ಲವೇ ಅಲ್ಲ. ಕೈಗಳಿಂದ ಕಿವಿ ಮುಚ್ಚಿಕೊಳ್ಳುವಂಥ ಸದ್ದೇ. ಹಾಗೆಂದು 30 ಡೆಸಿಬೆಲ್ಲನ್ನು ಹಗುರವಾಗಿ ಕಾಣುವಂತಿಲ್ಲ. ಡೆಸಿಬೆಲ್ ಲೆಕ್ಕ ಕೂಡುವ ಲೆಕ್ಕವಲ್ಲ, ಗುಣಿಸುವ ಲೆಕ್ಕ. ಪ್ರತಿ 10 ಡೆಸಿಬೆಲ್ ಇಳಿದಾಗ ಸದ್ದಿನ ಶಕ್ತಿ ಹತ್ತರಲ್ಲೊಂದು ಪಾಲಿಗೆ ಇಳಿಯುತ್ತದೆ. 30 ಇಳಿದರೆ ಸಾವಿರದಲ್ಲೊಂದು ಪಾಲು. ಕಿವಿಗೆ ಬಂದು ಬಡಿಯುವ ಶಕ್ತಿಯಲ್ಲಿ ಸಾವಿರಕ್ಕೆ 999 ಪಾಲು ತಡೆದಂತಾಯಿತು. ಆದರೂ ಮನಸ್ಸಿಗೆ ಅನ್ನಿಸುವುದು ‘ಸದ್ದು ಎಂಟನೇ ಒಂದು ಭಾಗವಾಯಿತು’ ಎಂದಷ್ಟೇ. ನಮ್ಮ ಕಿವಿ ಅಷ್ಟು ವಿಶಾಲವಾದ ಅಳತೆಯ ಉಪಕರಣ. ಅದಕ್ಕೇ ಇಂಗ್ಲೆಂಡಿನಲ್ಲಿ ಇದನ್ನು ಸದ್ದು ತಗ್ಗಿಸುವ ಸಾಧನವೆಂಬ ಅರ್ಥದ ‘ಮಾಡರೇಟರ್’ ಎನ್ನುತ್ತಾರೆ. ಅಮೆರಿಕದ ತಾಂತ್ರಿಕ ಬರಹಗಳಲ್ಲಿ ‘ಸಪ್ರೆಸರ್’ ಎಂಬ ಮಾತು ಹೆಚ್ಚು. ಸದ್ದನ್ನೇ ಇಲ್ಲವಾಗಿಸುತ್ತದೆ ಎಂಬ ಅರ್ಥದ ಹೆಸರನ್ನು ಅಂಟಿಸಿದ್ದು ವ್ಯಾಪಾರಿ ಮ್ಯಾಕ್ಸಿಂ, ವಿಜ್ಞಾನಿ ಮ್ಯಾಕ್ಸಿಂ ಅಲ್ಲ.

ಸೈಲೆನ್ಸರು ಮುಟ್ಟಲೂ ಆಗದ ಸದ್ದೊಂದಿದೆ. ಅದು ಗುಂಡಿನದೇ ಸದ್ದು. ಗಾಳಿಯಲ್ಲಿ ಶಬ್ದದ ವೇಗ ಸೊನ್ನೆ ಡಿಗ್ರಿಯಲ್ಲಿ ಸೆಕೆಂಡಿಗೆ 331 ಮೀಟರು. ಮೇಲಿನ ಪ್ರತಿ ಡಿಗ್ರಿಗೂ ಸುಮಾರು 0.6 ಮೀಟರು ಕೂಡಿಕೊಳ್ಳಬೇಕು. ರೈಫಲ್ಲಿನ ಗುಂಡು ಇದರ ಎರಡೂವರೆ ಪಟ್ಟು ವೇಗದಲ್ಲಿ ಹೋಗುತ್ತಿರುತ್ತದೆ. ದೋಣಿ ವೇಗವಾಗಿ ಹೋದಾಗ ಮೂತಿಯಿಂದ ಎರಡೂ ಕಡೆಗೆ ಅಲೆಯ ಗೀರು ಹರಡುವಂತೆ, ಗುಂಡಿನ ಮೂತಿಯಿಂದ ಶಂಕುವಿನಾಕಾರದ ಆಘಾತ ತರಂಗ ಹರಡುತ್ತದೆ. ಅದು ಕಿವಿಯನ್ನು ದಾಟುವಾಗ ಚಾವಟಿ ಬೀಸಿದಂತೆ ‘ಛಟ್’ ಎನ್ನುತ್ತದೆ. 1886-87ರಲ್ಲಿ ಅರ್ನ್ಸ್ಟ್ ಮಾಖ್ ಮತ್ತು ಪೀಟರ್ ಸಾಲ್ಚರ್ ಎಂಬ ಆಸ್ಟ್ರಿಯದ ವಿಜ್ಞಾನಿಗಳು ಹಾರುವ ಗುಂಡಿನ ಸುತ್ತಲಿನ ಈ ತರಂಗದ ಫೋಟೋವನ್ನೇ ತೆಗೆದರು. ವಿಮಾನದ ವೇಗವನ್ನು ‘ಮಾಕ್ 1, ಮಾಕ್ 2’ ಎಂದು ಅಳೆಯುವುದು ಅದೇ ಮಾಖ್ ಹೆಸರಿನಲ್ಲಿ.

ಹತ್ತನೆಯ ತರಗತಿಯವರು ಒಂದು ಲೆಕ್ಕ ಮಾಡಬಹುದು. ಗುಂಡಿನ ಸರಾಸರಿ ವೇಗ ಸೆಕೆಂಡಿಗೆ 700 ಮೀಟರು, ಹವೆಯ ಉಷ್ಣತೆ 30 ಡಿಗ್ರಿ, ಅಂದರೆ ಶಬ್ದದ ವೇಗ ಹತ್ತಿರ ಹತ್ತಿರ 350 ಮೀಟರು ಎಂದಿಟ್ಟುಕೊಳ್ಳಿ. 350 ಮೀಟರು ದೂರದಲ್ಲಿ, ಗುರಿಹಲಗೆಯ ಸಮೀಪ ಸುರಕ್ಷಿತವಾದ ಗುಂಡಿಯೊಳಗೆ ಕುಳಿತವನಿಗೆ ಅರ್ಧ ಸೆಕೆಂಡಿಗೆ ‘ಛಟ್’ ಕೇಳಿಸುತ್ತದೆ. ಬಂದೂಕಿನ ಬಾಯಿಂದ ಹೊರಟ ‘ಢಂ’ ಕೇಳಿಸುವುದು ಒಂದು ಸೆಕೆಂಡಿಗೆ. ಸೈಲೆನ್ಸರು ಕುಗ್ಗಿಸುವುದು ಎರಡನೆಯದನ್ನು ಮಾತ್ರ. ‘ಛಟ್’ ಅಷ್ಟೇ ಜೋರಾಗಿರುತ್ತದೆ, ಆದರೆ ಗುಂಡು ಎಲ್ಲಿಂದ ಬಂತೆಂದು ಊಹಿಸುವುದು ಕಷ್ಟವಾಗುತ್ತದೆ. ಸೈನ್ಯಗಳಿಗೆ ಇದರ ಮೇಲೆ ಕಣ್ಣು ಬಿದ್ದದ್ದು ಈ ಕಾರಣಕ್ಕೇ.

‘ಛಟ್’ ಕೂಡ ಬೇಡವೆಂದರೆ ಶಬ್ದಕ್ಕಿಂತ ನಿಧಾನವಾಗಿ ಹೋಗುವ ತೋಟಾ ಬಳಸಬೇಕು. ಸಣ್ಣ .22 ರೈಫಲ್ಲಿಗೆ ಅಂಥ ತೋಟಾಗಳಿವೆ. ವೇಗ ಸೆಕೆಂಡಿಗೆ ಸುಮಾರು 320 ಮೀಟರು. ಇಲ್ಲೊಂದು ಮೋಜಿನ ಸಂಗತಿ. ಸೆಕೆಂಡಿಗೆ 340 ಮೀಟರು ವೇಗದ ಗುಂಡೊಂದಿದೆ ಎನ್ನಿ. ಫಿನ್ಲೆಂಡಿನ ಸೊನ್ನೆ ಡಿಗ್ರಿಯ ಮುಂಜಾನೆಯಲ್ಲಿ ಅದು ಶಬ್ದವನ್ನು ಮೀರಿಸಿ ‘ಛಟ್’ ಎನ್ನುತ್ತದೆ. ಅದೇ ವೇಗದ ಗುಂಡು ರಾಯಚೂರಿನ ಬೇಸಗೆಯ 40 ಡಿಗ್ರಿಯಲ್ಲಿ, ಶಬ್ದವೇ 355 ಮೀಟರು ಓಡುವಾಗ, ಸುಮ್ಮನೆ ಹಾದುಹೋಗುತ್ತದೆ.

ಇಷ್ಟೆಲ್ಲ ಪಾಡು ಯಾಕೆ ಎಂದರೆ ಉತ್ತರ ಮತ್ತೆ ಹಿರಿಯ ಮ್ಯಾಕ್ಸಿಮನ ಕಿವಿಯಲ್ಲಿದೆ. ಒಳಕಿವಿಯಲ್ಲಿ ಬಸವನಹುಳುವಿನ ಚಿಪ್ಪಿನಂಥ ಅಂಗವಿದೆ. ಅದರೊಳಗೆ ಒಂದೊಂದು ಕಿವಿಗೂ ಹದಿನೈದು ಸಾವಿರದಷ್ಟು ರೋಮಕೋಶಗಳು. ಸದ್ದನ್ನು ನರಗಳಿಗೆ ತಲುಪಿಸುವವು ಇವೇ. ಹಕ್ಕಿಗಳಲ್ಲಿ ಈ ಕೋಶಗಳು ಸತ್ತರೆ ಮತ್ತೆ ಹುಟ್ಟುತ್ತವೆ, ಮನುಷ್ಯನಲ್ಲಿ ಹುಟ್ಟುವುದಿಲ್ಲ. ಜೋರು ಸದ್ದು ಬಂದಾಗ ಮಧ್ಯಕಿವಿಯ ಪುಟ್ಟ ಸ್ನಾಯುಗಳು ಬಿಗಿದುಕೊಂಡು ರಕ್ಷಣೆ ಕೊಡುತ್ತವೆ, ಆದರೆ ಬಿಗಿದುಕೊಳ್ಳಲು ಅವಕ್ಕೆ ಸೆಕೆಂಡಿನ ಕೆಲವು ನೂರನೇ ಭಾಗಗಳಾದರೂ ಬೇಕು. ಬಂದೂಕಿನ ಸಿಡಿತ ಸೆಕೆಂಡಿನ ಸಾವಿರದ ಭಾಗಗಳ ವ್ಯವಹಾರ. ಬಾಗಿಲು ಹಾಕುವಷ್ಟರಲ್ಲಿ ಕಳ್ಳ ಒಳಗೆ ಬಂದು ಹೋಗಿಯೂ ಆಗಿರುತ್ತದೆ.

ಇಂಥ ಥಟ್ಟನೆಯ ಸದ್ದಿಗೆ ವಿಶ್ವ ಆರೋಗ್ಯ ಸಂಸ್ಥೆ 1999ರಲ್ಲಿ ಹೇಳಿದ ಮಿತಿ ದೊಡ್ಡವರಿಗೆ 140 ಡೆಸಿಬೆಲ್, ಮಕ್ಕಳಿಗೆ 120. ತಂದೆತಾಯಿಗಳು ಈ ಎರಡನೆಯ ಅಂಕಿಯನ್ನು ಗುರುತು ಹಾಕಿಕೊಳ್ಳಬೇಕು. ಯಾಕೆಂದರೆ ಬಂದೂಕು ಎಲ್ಲ ಮನೆಗಳಲ್ಲಿ ಇರುವುದಿಲ್ಲ, ಪಟಾಕಿ ಇರುತ್ತದೆ. ನಮ್ಮ ದೇಶದ ನಿಯಮದಂತೆ ಪಟಾಕಿಯ ಸದ್ದು ನಾಲ್ಕು ಮೀಟರು ದೂರದಲ್ಲಿ 145 ಡೆಸಿಬೆಲ್ ಶಿಖರವನ್ನು ಮೀರಬಾರದು. ದೂರ ಇಮ್ಮಡಿಯಾದಾಗಲೆಲ್ಲ ಸದ್ದು 6 ಡೆಸಿಬೆಲ್ ಇಳಿಯುತ್ತದೆ: ಎಂಟು ಮೀಟರಿಗೆ 139, ಹದಿನಾರಕ್ಕೆ 133, ಮೂವತ್ತೆರಡಕ್ಕೆ 127, ಅರವತ್ತನಾಲ್ಕಕ್ಕೆ 121. ಕಾನೂನಿನ ಮಿತಿಯ ಅಂಚಿನಲ್ಲಿರುವ ಪಟಾಕಿಯಿಂದ ಮಗು ಎಷ್ಟು ದೂರ ನಿಲ್ಲಬೇಕೆಂದು ಈ ಲೆಕ್ಕವೇ ಹೇಳುತ್ತದೆ. ಓಣಿಯಲ್ಲಿ ಅಷ್ಟು ಜಾಗವೆಲ್ಲಿದೆ?

ಸೈಲೆನ್ಸರು ಹಾಕಿದ ದೊಡ್ಡ ರೈಫಲ್ಲಿನ ಸದ್ದೂ ಈ ಮಿತಿಯ ಅಂಚಿನಲ್ಲೇ ನಿಲ್ಲುತ್ತದಾದ್ದರಿಂದ ಬುದ್ಧಿವಂತ ಗುರಿಕಾರರು ಅದರ ಜೊತೆಗೂ ಕಿವಿಗೆ ರಕ್ಷಣೆ ಧರಿಸುತ್ತಾರೆ. ಒಂದಕ್ಕೊಂದು ಪೂರಕ. ಫಿನ್ಲೆಂಡ್, ನಾರ್ವೆಯಂಥ ದೇಶಗಳ ಬೇಟೆಗಾರರಲ್ಲಿ ಸೈಲೆನ್ಸರು ಗುಟ್ಟಿನ ವಸ್ತುವಲ್ಲ, ಕಿವಿಯ ಮುಚ್ಚಳದಂತೆ ದಿನಬಳಕೆಯ ಸಾಮಾನು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ತಡೆದ ಆ ಶಕ್ತಿ ಹೋಗುವುದೆಲ್ಲಿಗೆ? ಶಕ್ತಿ ನಾಶವಾಗುವುದಿಲ್ಲ ಎಂದು ಎಂಟನೆಯ ತರಗತಿಯ ಮಕ್ಕಳೂ ಹೇಳುತ್ತಾರೆ. ಬಯಲಿಗೆ ಹೋಗಬೇಕಾದದ್ದನ್ನು ಕೊಳವೆಯಲ್ಲಿ ಹಿಡಿದಿಟ್ಟರೆ ಅದೆಲ್ಲ ಕೊಳವೆಯಲ್ಲೇ ಉಳಿಯುತ್ತದೆ. ಶಾಖ, ನೀರು, ಮಸಿ, ಸೀಸ. ಸೈಲೆನ್ಸರಿನ ಪಾಲನೆ ಎಂದರೆ ಈ ನಾಲ್ಕರ ವಿಲೇವಾರಿ.

ಶಾಖ ಮೊದಲು ಕಾಣಿಸಿಕೊಳ್ಳುತ್ತದೆ. ಅನಿಲದ ಉಷ್ಣತೆ ಸಾವಿರ ಡಿಗ್ರಿಗೂ ಹೆಚ್ಚು. ಬೆನ್ನುಬೆನ್ನಿಗೆ ಹಾರಿಸಿದರೆ ಕೊಳವೆ ಕೆಲವು ನೂರು ಡಿಗ್ರಿಗೆ ಏರುತ್ತದೆ. ಬರಿಗೈಯಲ್ಲಿ ಮುಟ್ಟಿದವರಿಗೆ ಮೋಟಾರ್ ಸೈಕಲ್ಲಿನ ನೆನಪಾಗದೆ ಇರದು. ಅಲ್ಯೂಮಿನಿಯಂ ಕರಗುವುದು 660 ಡಿಗ್ರಿಯಲ್ಲಾದರೂ ಅದಕ್ಕಿಂತ ಬಹಳ ಮೊದಲೇ ಮೆತ್ತಗಾಗಿ ಬಲ ಕಳೆದುಕೊಳ್ಳುತ್ತದೆ. ಹಾಗಾಗಿ ಹಗುರವಾದ ಅಲ್ಯೂಮಿನಿಯಂ ಸೈಲೆನ್ಸರು ಸಣ್ಣ ರೈಫಲ್ಲಿಗೆ, ಇಲ್ಲವೇ ದಿನಕ್ಕೆ ಒಂದೆರಡು ಗುಂಡು ಹಾರಿಸುವ ಬೇಟೆಗಾರನಿಗೆ ಸರಿ. ಹೆಚ್ಚು ಬಳಸುವವರಿಗೆ ಉಕ್ಕು ಅಥವಾ ಟೈಟೇನಿಯಂ ಬೇಕು. ಬಿಸಿಯಾದ ಕೊಳವೆಯಿಂದ ಏಳುವ ಗಾಳಿ ದುರ್ಬೀನಿನ ಮುಂದೆ ನಡುಗುತ್ತ ಗುರಿಯನ್ನೇ ಕುಣಿಸುತ್ತದೆ. ಬೇಸಗೆಯ ಮಧ್ಯಾಹ್ನ ಡಾಂಬರು ರಸ್ತೆಯ ಮೇಲೆ ಕಾಣುವ ನಡುಕವೇ ಇದು. ಅದಕ್ಕೆಂದು ಕೆಲವರು ಕೊಳವೆಗೆ ಬಟ್ಟೆಯ ಕವಚ ತೊಡಿಸುತ್ತಾರೆ. ನಡುಕ ನಿಲ್ಲುತ್ತದೆ, ಆದರೆ ಶಾಖ ಇನ್ನಷ್ಟು ಹೊತ್ತು ಒಳಗೇ ಕೂರುತ್ತದೆ.

ತಣ್ಣಗಿದ್ದಾಗ ಹಾರಿಸಿದ ಮೊದಲ ಗುಂಡಿನ ಸದ್ದು ಮುಂದಿನವುಗಳಿಗಿಂತ ಜೋರಾಗಿರುತ್ತದೆಂಬುದು ಗುರಿಕಾರರಿಗೆಲ್ಲ ಗೊತ್ತು. ಕಾರಣ ಸರಳ. ಮೊದಲು ಕೊಳವೆಯ ತುಂಬ ಸಾಮಾನ್ಯ ಗಾಳಿ, ಅದರಲ್ಲಿ ಐದನೇ ಒಂದು ಭಾಗ ಆಮ್ಲಜನಕ. ಪೂರ್ತಿ ಉರಿಯದೆ ಬಂದ ಕಾದ ಅನಿಲಕ್ಕೆ ಅದು ಸಿಕ್ಕೊಡನೆ ಕೊಳವೆಯೊಳಗೇ ಇನ್ನೊಂದು ಪುಟ್ಟ ಸ್ಫೋಟವಾಗುತ್ತದೆ. ಎರಡನೆಯ ಗುಂಡಿಗೆ ಒಳಗಿರುವುದು ಹೊಗೆ ಮಾತ್ರ, ಉರಿಯಲು ಆಮ್ಲಜನಕವಿಲ್ಲ.

ನೀರಿನ ಸಂಗತಿ ಅನೇಕರಿಗೆ ಆಶ್ಚರ್ಯ ತರಬಹುದು. ಮದ್ದಿನಲ್ಲಿ ಜಲಜನಕವಿದೆ, ಅದು ಉರಿದರೆ ನೀರಾವಿ. ಚಳಿ ದೇಶದ ಬೇಟೆಗಾರ ಒಂದೇ ಗುಂಡು ಹಾರಿಸಿ ರೈಫಲ್ಲನ್ನು ಹಾಗೇ ಪೆಟ್ಟಿಗೆಗೆ ಹಾಕಿದನೆನ್ನಿ. ಅನ್ನದ ಪಾತ್ರೆಯ ಮುಚ್ಚಳದ ಒಳಬದಿಯಲ್ಲಿ ಹನಿಗಟ್ಟುವಂತೆ ಕೊಳವೆಯೊಳಗೆ ನೀರು ಹನಿಗಟ್ಟುತ್ತದೆ. ಮದ್ದಿನ ಮಸಿ ಅದಕ್ಕೆ ಬೆರೆತರೆ ತುಕ್ಕಿಗೆ ಹಬ್ಬ. ತುಕ್ಕು ಹಿಡಿಯುವುದು ಸೈಲೆನ್ಸರಿನಲ್ಲಷ್ಟೇ ಅಲ್ಲ, ನಳಿಗೆಯ ಬಾಯಲ್ಲೂ. ಗುಂಡು ಕೊನೆಯದಾಗಿ ಮುಟ್ಟಿಹೋಗುವ ಜಾಗ ಅದು, ಅಲ್ಲಿ ಒಂದು ಕುಳಿ ಬಿದ್ದರೂ ಗುರಿ ಕೆಡುತ್ತದೆ. ಆದ್ದರಿಂದ ಮನೆಗೆ ಬಂದ ಕೂಡಲೇ ಮೊದಲ ಕೆಲಸ, ಬಂದೂಕು ಖಾಲಿಯಿದೆಯೆಂದು ಖಚಿತ ಮಾಡಿಕೊಂಡು ಸೈಲೆನ್ಸರನ್ನು ಬಿಚ್ಚಿ ಬೇರೆಯಾಗಿ ಒಣಗಲು ಇಡುವುದು.

ಮತ್ತೆ ಕೂಡಿಸುವಾಗಲೂ ಅವಸರ ಸಲ್ಲದು. ತಿರುಪು ಸಡಿಲವಾಗಿ, ಕೊಳವೆ ಕೂದಲೆಳೆಯಷ್ಟು ಓರೆಯಾದರೂ ಗುಂಡು ಅಡ್ಡತಟ್ಟೆಗೆ ತಾಗುತ್ತದೆ. ಆಗ ಸೈಲೆನ್ಸರು ಹಾಳಾಗುವುದು ಚಿಕ್ಕ ನಷ್ಟ. ಗುಂಡು ಎಲ್ಲಿಗೆ ಹೋಗುತ್ತದೆಂದು ಹೇಳಲಾಗದಿರುವುದು ದೊಡ್ಡ ಅಪಾಯ. ಬಿಸಿಗೆ ಹಿಗ್ಗಿ, ತಣಿದು ಕುಗ್ಗಿ ತಿರುಪು ತಾನಾಗಿಯೇ ಸಡಿಲಗೊಳ್ಳುವುದೂ ಉಂಟು. ತಿಳಿದವರು ನೇರವಾದ ಸಲಾಕೆಯೊಂದನ್ನು ನಳಿಗೆಯಲ್ಲಿ ತೂರಿಸಿ ಅದು ತೂತಿನ ಸರಿಯಾದ ನಡುವಿನಲ್ಲಿ ಬರುತ್ತದೆಯೇ ಎಂದು ನೋಡಿಕೊಳ್ಳುತ್ತಾರೆ. ನಳಿಗೆಯ ತುದಿಗೆ ನಾನ್ನೂರು ಗ್ರಾಂ ತೂಕ ನೇತುಹಾಕಿದಂತಾಗುವುದರಿಂದ ಗುಂಡು ಹಾರುವಾಗ ನಳಿಗೆ ಕಂಪಿಸುವ ಬಗೆಯೇ ಬದಲಾಗುತ್ತದೆ. ಬಿಡಿ ಬಂದೂಕಿನಲ್ಲಿ ನಡುವಿಗೆ ಬೀಳುತ್ತಿದ್ದ ಗುಂಡು ಈಗ ಒಂದು ಬದಿಗೆ ಬೀಳುತ್ತದೆ. ಗುರಿಯನ್ನು ಹೊಸದಾಗಿ ಸರಿಪಡಿಸಿಕೊಳ್ಳಬೇಕು. ಅನಿಲದ ಮುಂದೊತ್ತು ಕಡಿಮೆಯಾಗುವುದರಿಂದ ಹೆಗಲಿಗೆ ಬೀಳುವ ಒದೆತ ಕಡಿಮೆಯಾಗುತ್ತದೆಂಬುದು ಇದಕ್ಕೆ ಸಿಗುವ ಬಡ್ಡಿ.

ಮಸಿಯದು ಅಂಥ ಉಪದ್ರವವಲ್ಲ. ದೊಡ್ಡ ರೈಫಲ್ಲಿನ ಒತ್ತಡಕ್ಕೆ ಒಳಗಿನ ಮಸಿ ಬಹುಪಾಲು ತಾನಾಗಿಯೇ ಕಿತ್ತುಹೋಗುತ್ತದೆ. ತಾನೇ ಗುಂಡು ತುಂಬಿಕೊಳ್ಳುವ ಬಂದೂಕುಗಳಲ್ಲಿ ಮಾತ್ರ, ಮುಂದೆ ದಾರಿ ಸಿಗದ ಅನಿಲ ಹಿಂದಕ್ಕೆ ಬಂದು ಹಾರಿಸುವವನ ಮುಖಕ್ಕೇ ಊದುತ್ತದೆ, ಯಂತ್ರಭಾಗಗಳಿಗೆ ಮಸಿ ಬಳಿಯುತ್ತದೆ. ಅಂಥವನ್ನು ಎರಡು ಪಟ್ಟು ಬೇಗ ಬೇಗ ಒರೆಸಬೇಕು, ಅಷ್ಟೆ.

ನಿಜವಾಗಿ ಹೆದರಬೇಕಾದದ್ದು ಸೀಸಕ್ಕೆ. ಸಣ್ಣ .22 ರೈಫಲ್ಲಿನ ಗುಂಡು ಸಾಮಾನ್ಯವಾಗಿ ಬರಿಯ ಸೀಸದ್ದು. ಹಾದುಹೋಗುವಾಗ ಅದರ ಮೈಯಿಂದ ಸವೆದ, ಕರಗಿದ ಕಣಗಳು ಅಡ್ಡತಟ್ಟೆಗಳಿಗೆ ಮೆತ್ತಿಕೊಳ್ಳುತ್ತವೆ. ನೂರಾರು ಗುಂಡುಗಳಾದ ಮೇಲೆ ತಟ್ಟೆಗಳೇ ಒಂದಕ್ಕೊಂದು ಬೆಸುಗೆಯಾದಂತೆ ಅಂಟಿಕೊಂಡುಬಿಡುತ್ತವೆ. ಕೆಲವರು ಹೊಸ ಸೈಲೆನ್ಸರನ್ನು ತಕ್ಕಡಿಯಲ್ಲಿಟ್ಟು ತೂಕ ಬರೆದಿಟ್ಟುಕೊಳ್ಳುತ್ತಾರೆ. ತೂಕ ಏರಿದ್ದು ಎಷ್ಟೋ ಅಷ್ಟು ಕೊಳೆ. ಇದನ್ನು ಒಣಗಿದಾಗ ಕೆರೆದರೆ ಧೂಳೆದ್ದು ಉಸಿರಿಗೆ ಸೇರುತ್ತದೆ. ಆದ್ದರಿಂದ ಎಣ್ಣೆ ಅಥವಾ ದ್ರಾವಕದಲ್ಲಿ ನೆನೆಸಿ, ಕೈಗವಸು ತೊಟ್ಟು, ಅಡುಗೆಮನೆಯಿಂದ ದೂರದಲ್ಲಿ, ಮಕ್ಕಳನ್ನು ಹತ್ತಿರ ಬಿಡದೆ ಮಾಡಬೇಕಾದ ಕೆಲಸ ಇದು. ಒರೆಸಿದ ಚಿಂದಿಯನ್ನೂ ಎಲ್ಲೆಂದರಲ್ಲಿ ಎಸೆಯುವಂತಿಲ್ಲ.

ಕೆಲವರು ವಿನೆಗರ್ ಮತ್ತು ಹೈಡ್ರೊಜನ್ ಪೆರಾಕ್ಸೈಡ್ ಬೆರೆಸಿ ಅದರಲ್ಲಿ ಮುಳುಗಿಸಿಡುತ್ತಿದ್ದರು. ಸೀಸ ಮಾಯವಾಗುತ್ತದೆ, ನೋಡಲು ಚೆನ್ನ. ರಸಾಯನಶಾಸ್ತ್ರ ಬಲ್ಲವರು ಮಾತ್ರ ಬೆಚ್ಚಿಬೀಳುತ್ತಾರೆ. ಸೀಸ ಮಾಯವಾಗಿಲ್ಲ, ನೀರಲ್ಲಿ ಕರಗುವ ಲೆಡ್ ಅಸಿಟೇಟ್ ಆಗಿದೆ. ಲೋಹದ ಸೀಸಕ್ಕಿಂತ ಇದು ಮೈಗೆ ಸೇರುವುದು ಹೆಚ್ಚು ಸುಲಭ. ರುಚಿ ಸಿಹಿಯಾದ್ದರಿಂದ ಹಿಂದಿನವರು ಇದಕ್ಕೆ ‘ಸೀಸದ ಸಕ್ಕರೆ’ ಎಂಬ ಹೆಸರಿಟ್ಟಿದ್ದರು. ಆ ದ್ರಾವಣವನ್ನು ಮೋರಿಗೆ ಸುರಿದರೆ ಮುಂದಿನದು ಹೇಳಬೇಕಿಲ್ಲ. ಬೆಳೆಯುವ ಮಕ್ಕಳ ಮಿದುಳಿಗೆ ಇಷ್ಟು ಸೀಸ ಪರವಾಗಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲವೆಂಬುದು ವೈದ್ಯವಿಜ್ಞಾನದ ಇಂದಿನ ತಿಳಿವಳಿಕೆ. 2000ನೇ ಇಸವಿಯಲ್ಲಿ ಭಾರತದ ಪೆಟ್ರೋಲಿನಿಂದ ಸೀಸವನ್ನು ತೆಗೆದುಹಾಕಿದ್ದು ಸುಮ್ಮನೆ ಅಲ್ಲ.

ನಮ್ಮ ವಿದ್ಯಾರ್ಥಿಗಳಲ್ಲಿ .22 ರೈಫಲ್ಲನ್ನು ಕೈಯಲ್ಲಿ ಹಿಡಿಯುವವರು ಎನ್.ಸಿ.ಸಿ. ಕೆಡೆಟ್‌ಗಳು. ಅಲ್ಲಿ ಸೈಲೆನ್ಸರಿನ ಮಾತಿಲ್ಲ. ಆದರೆ ‘ಪುಲ್ ಥ್ರೂ’ ಹಗ್ಗಕ್ಕೆ ಚಿಂದಿ ಕಟ್ಟಿ ನಳಿಗೆ ಶುಚಿಮಾಡುವ ಪಾಠವಿದೆ. ಆ ಚಿಂದಿಗೆ ಹತ್ತುವ ಕಪ್ಪಿನಲ್ಲಿ ಸೀಸವೂ ಉಂಟು. ಗುಂಡು ಹಾರಿಸಿ ಬಂದವರು ತಿಂಡಿಯ ಸಾಲಿಗೆ ನಿಲ್ಲುವ ಮೊದಲು ಸಾಬೂನು ಹಚ್ಚಿ ಕೈ ತೊಳೆಯಬೇಕು. ಹಾರಿಸುವಾಗ ಕಿವಿಗೆ ಹತ್ತಿಯಾದರೂ ಸಾಲದೇ ಎಂದು ಕೇಳುವವರಿದ್ದಾರೆ. ಬಿಡಿ ಹತ್ತಿ ತಡೆಯುವುದು ಅತಿ ಕಡಿಮೆ. ಕಿವಿಯೊಳಗೆ ಹಿಗ್ಗಿ ಕೂರುವ ಮೆತ್ತನೆಯ ಬಿರಡೆಗಳು ಔಷಧದ ಅಂಗಡಿಗಳಲ್ಲೇ ಸಿಗುತ್ತವೆ.

ಇಷ್ಟು ಕೆಲಸಕ್ಕೆ ಬರುವ ವಸ್ತುವನ್ನು ಸರ್ಕಾರಗಳು ಅನುಮಾನದಿಂದ ನೋಡುವುದೇಕೆ? ಗುಂಡಿನ ಸದ್ದು ಒಂದು ಬಗೆಯ ಎಚ್ಚರಿಕೆಯೂ ಹೌದು. ಪೂರ್ತಿ ಅಡಗದಿದ್ದರೂ ಸದ್ದು ಕುಗ್ಗಿ, ದಿಕ್ಕು ತಪ್ಪಿದರೆ ದುಷ್ಟನಿಗೆ ಅಷ್ಟು ಅನುಕೂಲ. ಅಮೆರಿಕದಲ್ಲಿ ಕೊಲೆಗಡುಕ ತಂಡಗಳ ಹಾವಳಿಯ ಬೆನ್ನಿಗೇ 1934ರಲ್ಲಿ ಬಂದ ಕಾನೂನು ಸೈಲೆನ್ಸರನ್ನು ಮೆಷಿನ್ ಗನ್ನಿನ ಜೊತೆಗೇ ಪಟ್ಟಿಗೆ ಸೇರಿಸಿ, ನೋಂದಣಿಯನ್ನೂ 200 ಡಾಲರ್ ತೆರಿಗೆಯನ್ನೂ ವಿಧಿಸಿತು. ತಂದೆಯ ಕೂಸು, ಮಗನ ಕೂಸು ಎರಡೂ ಒಂದೇ ಪಟ್ಟಿಯಲ್ಲಿ! ಅಂದಿನ 200 ಡಾಲರ್ ಸಾಮಾನ್ಯನ ಕೈಗೆ ಎಟುಕುವ ಹಣವಾಗಿರಲಿಲ್ಲ. ಆ ಅಂಕಿ 2025ರ ಕೊನೆಯವರೆಗೂ ಬದಲಾಗಲಿಲ್ಲ; 2026ರ ಜನವರಿ 1ರಿಂದ ತೆರಿಗೆ ಸೊನ್ನೆಯಾಗಿದೆ, ನೋಂದಣಿ ಉಳಿದಿದೆ. ಪರ್ಸಿ ಮ್ಯಾಕ್ಸಿಂ ಆ ಕಾನೂನು ಬಂದ ಎರಡು ವರ್ಷಗಳಿಗೆ, 1936ರ ಫೆಬ್ರವರಿಯಲ್ಲಿ ತೀರಿಕೊಂಡ. ತಂದೆಯ ಬಗ್ಗೆ ಆತ ಬರೆದ ನೆನಪುಗಳ ಪುಸ್ತಕ ಪ್ರಕಟವಾದದ್ದೂ ಅದೇ ವರ್ಷ.

ಭಾರತದ 1959ರ ಶಸ್ತ್ರಾಸ್ತ್ರ ಕಾಯಿದೆ ಇನ್ನೂ ಬಿಗಿ. ಬಂದೂಕಿನ ಸದ್ದನ್ನೋ ಬೆಳಕನ್ನೋ ತಗ್ಗಿಸಲೆಂದು ಮಾಡಿದ ಉಪಕರಣವೂ ಅದರ ಪ್ರಕಾರ ‘ಬಂದೂಕು’ ಎಂಬ ಪದದ ಅರ್ಥದೊಳಗೇ ಬರುತ್ತದೆ. ಅಂದರೆ ಪಕ್ಕದಲ್ಲಿ ಬಂದೂಕು ಇರಲಿ ಬಿಡಲಿ, ಆ ಖಾಲಿ ಕೊಳವೆಯೊಂದೇ ಕಾನೂನಿನ ಕಣ್ಣಿಗೆ ಬಂದೂಕು. ಇನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 120ನೆಯದು ಹೇಳುವುದು ಇದಕ್ಕೆ ತಿರುವುಮುರುವು. ಅನಿಲ ಹಿಗ್ಗಲು ಕೋಣೆಯಿರುವ, ಅಥವಾ ಬೇರೆ ರೀತಿಯಲ್ಲಿ ಸದ್ದು ತಗ್ಗಿಸುವ ಸೈಲೆನ್ಸರು ಪ್ರತಿಯೊಂದು ಮೋಟಾರು ವಾಹನಕ್ಕೂ ಇರಲೇಬೇಕು. ಸಂಜೆ ಹೊತ್ತು ಕಾಲೇಜಿನ ಮುಂದೆ ಗುಡುಗುತ್ತ ಹೋಗುವ ಹುಡುಗರು ಗ್ಯಾರೇಜಿನಲ್ಲಿ ದುಡ್ಡು ಕೊಟ್ಟು ತೆಗೆಸಿಹಾಕಿರುವುದು ಆ ಕೋಣೆಗಳನ್ನೇ.